ಅರ್ಧ ಬೆಂದ ಕಾಣೆ

ನಮ್ಮೂರಿನಲ್ಲಿ ಬಡಗು ಕೇರಿಯ ಕಾಣೆಮೀನು ತೆಂಕು ಕೇರಿಯ ಒಲೆಯಲ್ಲಿ ಬೇಯುವುದಿಲ್ಲ. ತೆಂಕಿನದು ಬಡಗಿನಲ್ಲಿ ಬೇಯುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಕುದಿಸಿದರೂ ಅಷ್ಟೇ. ಹುಳಿ ಖಾರ ಎಲ್ಲ ಹೀರಿಕೊಂಡು, ಕಣ್ಣು ಮಾತ್ರ ಆಗತಾನೆ ಬಲೆಯಿಂದ ಬಿಡಿಸಿದ ಹಾಗೆ ಹೊಳೆಯುತ್ತ, ಹಸಿಹಸಿಯಾಗಿ ಪಾತ್ರೆಯಲ್ಲಿ ಮಲಗಿರುತ್ತದೆ. ಬಂಗುಡೆಗೆ ಈ ಕಾಟವಿಲ್ಲ, ಭೂತಾಯಿಗಿಲ್ಲ, ಸಿಗಡಿಗಿಲ್ಲ. ಕಾಣೆಗೆ ಮಾತ್ರ. ಗ್ಯಾಸ್ ಒಲೆ ಬಂದಾಗ ಇನ್ನಾದರೂ ಸರಿಹೋದೀತು ಎಂದು ಕೆಲವರು ಅಂದುಕೊಂಡಿದ್ದರು. ಕುಕ್ಕರಿನಲ್ಲಿ ಹನ್ನೆರಡು ಸೀಟಿ ಹಾಕಿಸಿ ನೋಡಿದ ಹೆಂಗಸರೂ ಇದ್ದಾರೆ. ಸರಿಹೋಗಲಿಲ್ಲ.

ಎರಡು ಕೇರಿಗಳ ನಡುವೆ ಒಂದು ತೋಡು ಹರಿದು ಕಡಲಿಗೆ ಸೇರುತ್ತದೆ. ದೋಣಿಗಳು ಬಂದು ನಿಲ್ಲುವ ದಕ್ಕೆ ಇರುವುದು ಆ ತೋಡಿನ ಬಾಯಲ್ಲಿ. ಅಲ್ಲೊಂದು ಹೆಂಚಿನ ಮಾಡು, ತೋಡಿಗೆ ಅಡ್ಡಲಾಗಿ ಕಟ್ಟಿದ್ದು. ಈಚೆ ದಡದಲ್ಲಿ ಒಂದು ಒಲೆ, ಆಚೆ ದಡದಲ್ಲಿ ಒಂದು ಒಲೆ, ನಡುವೆ ನಾಲ್ಕು ಹೆಜ್ಜೆಯ ಮರದ ಹಲಗೆ. ಇಪ್ಪತ್ತೆರಡು ವರ್ಷ ನನ್ನ ಕೆಲಸ ಆ ಹಲಗೆಯ ಮೇಲೆ ಓಡಾಡುವುದಾಗಿತ್ತು. ಯಾವ ಕೇರಿಯ ದೋಣಿ ಬಂದರೂ ಅದರ ರಾಶಿಯಿಂದ ಹತ್ತು ಕಾಣೆ ಎತ್ತಿ, ಆ ಕೇರಿಯ ಒಲೆಯಲ್ಲಿ ಬೇಯಿಸುವುದು. ಹತ್ತರಲ್ಲಿ ಮೂರು ಬೇಯದೆ ಉಳಿದರೆ ಆ ದೋಣಿ ಇನ್ನೊಂದು ಕೇರಿಯ ಮೀನಿಗೆ ಕೈ ಹಾಕಿದೆ ಎಂದರ್ಥ. ಎಂಟು ದಿನ ದೋಣಿ ದಡಕ್ಕೆ. ಐಸು ತುಂಬಿ ಲಾರಿಯಲ್ಲಿ ಹೋದ ಕಾಣೆ ಬೇರೆ ಊರುಗಳಲ್ಲಿ ಯಾವ ತಕರಾರೂ ಇಲ್ಲದೆ ಬೇಯುತ್ತದಂತೆ. ಹಾಗಾಗಿಯೇ ಈ ನಿಯಮ ಬೇಕಾದದ್ದು. ಇಲ್ಲದಿದ್ದರೆ ಯಾರು ಯಾರದ್ದನ್ನು ಬಿಡುತ್ತಿದ್ದರು?

ಒಲೆಯ ಕೆಲಸಕ್ಕೆ ಒಂದು ಕೇರಿಯಲ್ಲಿ ಹುಟ್ಟಿ ಇನ್ನೊಂದಕ್ಕೆ ಸೊಸೆಯಾಗಿ ಬಂದವಳೇ ಆಗಬೇಕು. ನಾನು ತೆಂಕಿನ ಮಗಳು, ಬಡಗಿನ ಸೊಸೆ. ನನಗಿಂತ ಮೊದಲು ನನ್ನ ಅತ್ತೆ ಈ ಕೆಲಸ ಮಾಡುತ್ತಿದ್ದರು. ಎರಡೂ ಕಡೆ ನೆಂಟಸ್ತಿಕೆ ಇರುವವಳು ಯಾವ ಕಡೆಗೂ ವಾಲುವುದಿಲ್ಲ ಎಂದು ಹಿರಿಯರು ಯೋಚಿಸಿದ್ದರು. ಎರಡೂ ಕಡೆಗೆ ವಾಲುತ್ತಾಳೆ ಎಂಬುದು ಅವರಿಗೆ ಹೊಳೆದಿರಲಿಕ್ಕಿಲ್ಲ.

ಬಡಗಿನ ಕಾಣೆ ಕಡಿಮೆಯಾಗುತ್ತ ಬಂದು ಆಗಲೇ ಏಳೆಂಟು ವರ್ಷವಾಗಿತ್ತು. ಮೊದಲು ಗಾತ್ರ ಇಳಿಯಿತು. ಆಮೇಲೆ ಬೆನ್ನುಮೂಳೆ ಸೊಟ್ಟಗಿರುವ ಮೀನುಗಳು ಬರತೊಡಗಿದವು. ಹುರಿಯಲು ಬಾಣಲೆಗೆ ಹಾಕಿದರೆ ಒಂದು ತುದಿ ಎಣ್ಣೆಯಲ್ಲಿ, ಇನ್ನೊಂದು ತುದಿ ಮೇಲೆ. ಕೊನೆಗೆ ಬಡಗಿನ ಗುರಿಕಾರರು ಕೇರಿಯವರನ್ನೆಲ್ಲ ಕರೆದು, ನಮ್ಮ ಕಾಣೆ ಚೇತರಿಸಿಕೊಳ್ಳುವವರೆಗೆ ಯಾರೂ ಕಾಣೆಬಲೆ ಇಳಿಸಬಾರದು ಎಂದರು. ಗುರಿಕಾರರೆಂದರೆ ಕೇರಿಯ ಮುಖಂಡರು, ನಮ್ಮಲ್ಲಿ ಪದ್ಮಯ್ಯ, ನನ್ನ ಗಂಡನ ಅಣ್ಣ, ನನಗೆ ಭಾವ. ಮಾತು ಕಡಿಮೆ. ಆಡಿದ ಮಾತಿನಿಂದ ಹಿಂದೆ ಸರಿದದ್ದನ್ನು ನಾನು ನೋಡಿಲ್ಲ. ಬಡಗಿನ ಗಂಡಸರು ಏಡಿ ಹಿಡಿದರು, ಚಿಪ್ಪು ಹೆಕ್ಕಿದರು, ಐಸ್ ಪ್ಲಾಂಟಿನಲ್ಲಿ ಗಡ್ಡೆ ಒಡೆದರು. ನಮ್ಮನೆಯವರು ಬೇರೆಯವರ ಬಂಗುಡೆ ಬಲೆ ನೇಯ್ದುಕೊಟ್ಟರು. ಎರಡು ವರ್ಷ ಕೇರಿಯಲ್ಲಿ ಕಾಣೆ ಹುರಿದ ವಾಸನೆ ಇರಲಿಲ್ಲ. ಅಷ್ಟು ದಿನವೂ ತೆಂಕಿನವರು ಮೀನು ತರುತ್ತಿದ್ದರು. ನಾನು ಹಲಗೆ ದಾಟಿ ಹೋಗಿ ಅವರ ಒಲೆ ಮಾತ್ರ ಉರಿಸುತ್ತಿದ್ದೆ. ತೆಂಕಿನಲ್ಲಿ ಎಲ್ಲರಿಗಿಂತ ದೊಡ್ಡ ದೋಣಿ ನನ್ನ ಅಣ್ಣ ದುರ್ಗಯ್ಯನದು.

ಮೂರನೇ ವರ್ಷ, ಮಳೆಗಾಲದ ರಜೆ ಮುಗಿದು ದೋಣಿಗಳು ನೀರಿಗಿಳಿದ ಮೊದಲ ವಾರ. ಅಣ್ಣನ ರಾಶಿಯಿಂದ ಹತ್ತು ಕಾಣೆ ಎತ್ತಿ ತೆಂಕಿನ ಒಲೆಗಿಟ್ಟೆ. ಇಳಿಸಿ ತಟ್ಟೆಗೆ ಸುರಿದಾಗ ಏಳು ಬೆಂದಿದ್ದವು. ಉಳಿದ ಮೂರರಲ್ಲಿ ತಲೆಯ ಕಡೆಯ ಅರ್ಧ ಬೆಂದು ಎಸಳು ಎಸಳಾಗಿ ಬಿಡುತ್ತಿತ್ತು, ಬಾಲದ ಕಡೆಯ ಅರ್ಧ ಹಸಿ. ನಡುವೆ ಚಾಕುವಿನಿಂದ ಗೆರೆ ಎಳೆದ ಹಾಗೆ. ಉಪ್ಪು ಕಡಿಮೆಯಾಯಿತೇ, ಬೆಂಕಿ ಒಂದೇ ಕಡೆ ತಾಗಿತೇ ಎಂದು ಮತ್ತೆ ಇಟ್ಟೆ. ಹಾಗೇ ಉಳಿಯಿತು. ಆ ಮೂರನ್ನು ಎತ್ತಿಕೊಂಡು ಹಲಗೆ ದಾಟಿ ಬಡಗಿನ ಒಲೆಗೆ ಹಾಕಿದೆ. ಎರಡು ವರ್ಷದ ಬೂದಿ ತೆಗೆದು ಆ ಒಲೆ ಹೊತ್ತಿಸಿದ್ದು ಅವತ್ತೇ. ಬಾಲವೂ ಬೆಂದಿತು.

ಹೊಗೆ ಎದ್ದದ್ದು ಕಂಡು ಭಾವ ಬಂದರು. ಅಣ್ಣ ಆಗಲೇ ನನ್ನ ಪಕ್ಕ ನಿಂತಿದ್ದ.

“ಅಣ್ಣ, ಮೂರು ಉಂಟು,” ಎಂದೆ.

“ಮೂರು ಎಲ್ಲಿ ಮಾರಾಯ್ತಿ? ಮೂರು ಅರ್ಧ. ಒಂದೂವರೆ ಆಯಿತು.”

“ತೆಂಗಿನಕಾಯಿ ಅರ್ಧ ಕದ್ದವನು ಅರ್ಧ ಕಳ್ಳನಾ?” ಎಂದರು ಭಾವ.

“ಕದ್ದದ್ದು ಯಾರು ಗುರಿಕಾರರೇ? ನನ್ನ ನೀರಿನಲ್ಲಿ, ನಮ್ಮ ತೆಂಕಿನ ಹೊಳೆಯ ಅಳಿವೆಯ ಎದುರು ಬಲೆ ಹಾಕಿದ್ದೇನೆ. ನಿಮ್ಮ ಮೀನಿನ ಬಾಲ ಅಲ್ಲಿಗೆ ಬಂದರೆ ನಾನು ಎಂತ ಮಾಡುವುದು?”

ಇಬ್ಬರೂ ನನ್ನ ಕಡೆ ತಿರುಗಿದರು. “ನೀನು ಹೇಳು ಭಾಗಿ,” ಎಂದ ಅಣ್ಣ. “ಹೇಳಮ್ಮ,” ಎಂದರು ಭಾವ.

“ನಾ ಕಾಣೆ,” ಎಂದುಬಿಟ್ಟೆ. ಗೊತ್ತಿಲ್ಲ ಎನ್ನಲು ನಮ್ಮ ಹಿರಿಯರು ಹಾಗೇ ಹೇಳುತ್ತಿದ್ದದ್ದು, ನನಗೂ ಅದೇ ಬಾಯಿಗೆ ಬಂತು. ಸುತ್ತ ನಿಂತ ಹೆಂಗಸರು ಗೊಳ್ಳೆಂದು ನಕ್ಕರು. ನಾನು ನಗಿಸಲಿಕ್ಕೆ ಹೇಳಿದ್ದಲ್ಲ. ದಕ್ಕೆಯ ಕರಿಹಲಗೆಯ ಮೇಲೆ ‘ಬೆಂದದ್ದು ಏಳು’ ಎಂದು ಸುಣ್ಣದ ಕಡ್ಡಿಯಲ್ಲಿ ಬರೆದೆ. ಬೇಯದ್ದು ಎಂಬುದರ ಮುಂದೆ ಏನೂ ಬರೆಯದೆ ಬಿಟ್ಟೆ. ಅಲ್ಲಿ ಏನೂ ಇಲ್ಲದಿದ್ದರಿಂದ ಮಾರನೇ ದಿನ ಅಣ್ಣನ ದೋಣಿ ಎಂದಿನಂತೆ ಕಡಲಿಗೆ ಹೋಯಿತು.

ಆಮೇಲೆ ಎಲ್ಲ ದೋಣಿಗಳಲ್ಲೂ ಮೊದಲು ಒಂದೋ ಎರಡೋ, ದಿನ ಕಳೆದಂತೆ ಇನ್ನೂ ಹೆಚ್ಚು ಅಂಥವು ಬರತೊಡಗಿದವು. ಜನ ಬೇಗ ಹೊಂದಿಕೊಳ್ಳುತ್ತಾರೆ. ತೆಂಕಿನ ಹೆಂಗಸರು ಆ ಮೀನನ್ನು ಎರಡಾಗಿ ಕತ್ತರಿಸಿ, ತಲೆ ತಾವಿಟ್ಟುಕೊಂಡು ಬಾಲವನ್ನು ಹಲಗೆಯಾಚೆ ಕಳಿಸತೊಡಗಿದರು. ಎರಡು ವರ್ಷ ಕಾಣೆಯ ರುಚಿ ನೋಡದ ಬಡಗಿನ ಮಕ್ಕಳು ಬಾಲಕ್ಕೆ ಮುಗಿಬಿದ್ದವು. ಅಣ್ಣನ ಹೆಂಡತಿ ಗುಲಾಬಿ ಅತ್ತಿಗೆಗೆ ಮೀನು ತುಂಡು ಮಾಡಲು ಮನಸ್ಸಿಲ್ಲ. ಕಾಣೆಯನ್ನು ಇಡಿಯಾಗಿ ಹುರಿಯಬೇಕು, ಇಲ್ಲವಾದರೆ ರಸವೆಲ್ಲ ಹೋಗುತ್ತದೆ ಎನ್ನುವವಳು. ಅವಳು ತೆಂಕಿನ ಮನೆಯಲ್ಲಿ ತಲೆ ಬೇಯಿಸಿ, ಬೆಂದ ಭಾಗಕ್ಕೆ ಬಾಳೆಲೆ ಸುತ್ತಿ, ಬಾಣಲೆ ಸಮೇತ ತೋಡು ದಾಟಿ ನನ್ನ ಮನೆಗೆ ಬಂದು ಬಾಲ ಬೇಯಿಸುತ್ತಿದ್ದಳು. ನನ್ನ ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಅವಳು ನನ್ನ ಅಡುಗೆಮನೆಗೆ ಕಾಲಿಟ್ಟದ್ದು ಆ ತಿಂಗಳಲ್ಲೇ ಹೆಚ್ಚು.

“ಅಣ್ಣನಿಗೆ ಇದು ಗೊತ್ತಾದರೆ?” ಎಂದು ಕೇಳಿದೆ ಒಮ್ಮೆ.

“ತಿನ್ನುವಾಗ ಗೊತ್ತಾಗುವುದಿಲ್ಲ ಅವರಿಗೆ, ಎಲ್ಲಿ ಬೆಂದದ್ದು ಅಂತ,” ಎಂದಳು. “ನೀನು ಸುಮ್ಮನಿರು.”

ಸುಮ್ಮನಿರುವುದು ನನಗೆ ಕಷ್ಟವಾಗಲಿಲ್ಲ. ನನಗೆ ಕಷ್ಟವಾದದ್ದು ದಕ್ಕೆಯಲ್ಲಿ. ಪ್ರತಿ ಬೆಳಿಗ್ಗೆ ಹತ್ತು ಮೀನು ಬೇಯಿಸಿ ತಟ್ಟೆಗೆ ಸುರಿದು, ಸುಣ್ಣದ ಕಡ್ಡಿ ಹಿಡಿದು ನಿಂತುಬಿಡುತ್ತಿದ್ದೆ. ಅರ್ಧವನ್ನು ಎಲ್ಲಿ ಬರೆಯಲಿ? ಒಂದು ದಿನ ಭಾವನ ಮಾತು ಸರಿಯೆನಿಸುತ್ತಿತ್ತು, ಮರುದಿನ ಅಣ್ಣನದು. ಅತ್ತೆ ಬದುಕಿದ್ದರೆ ಕೇಳಬಹುದಿತ್ತು. ಅವರ ಕಾಲದಲ್ಲಿ ಮೀನು ಒಂದೋ ಬೇಯುತ್ತಿತ್ತು, ಒಂದೋ ಬೇಯುತ್ತಿರಲಿಲ್ಲ.

ಇಷ್ಟು ವರ್ಷ ಕಾಣೆ ಹಿಡಿದು ಪಳಗಿದ ಕೈಗೆ ಬೇಗನೆ ಒಂದು ಗುರುತು ಸಿಕ್ಕಿತ್ತು. ಆ ಅರ್ಧದ ಮೀನುಗಳಿಗೆ ಹೊಟ್ಟೆಯ ಕೆಳಗಿನ ರೆಕ್ಕೆಯ ಬುಡ ಹಳದಿಯಾಗಿರುವುದಿಲ್ಲ, ಸ್ವಲ್ಪ ಮಾಸಲು. ಬೇರೆ ಯಾರಿಗೂ ಅದು ಕಾಣುತ್ತಿರಲಿಲ್ಲ. ಒಂದು ಬೆಳಿಗ್ಗೆ, ಅಣ್ಣನ ರಾಶಿಗೆ ಕೈ ಹಾಕಿದಾಗ ಮಾಸಲು ಬುಡದ ಮೀನೊಂದು ಸಿಕ್ಕಿತು. ಅದನ್ನು ಬಿಟ್ಟು ಪಕ್ಕದ್ದನ್ನು ಎತ್ತಿದೆ. ಅಷ್ಟೇ. ಹತ್ತಕ್ಕೆ ಹತ್ತೂ ಬೆಂದವು. ಬೇಯದ್ದು ಎಂಬುದರ ಮುಂದೆ ಸೊನ್ನೆ ಬರೆದೆ. ಎಷ್ಟು ಹಗುರವಾಯಿತೆಂದರೆ ಹಾಡು ಗುನುಗುತ್ತ ಮನೆಗೆ ಹೋದೆ. ಮರುದಿನವೂ ಹಾಗೇ ಮಾಡಿದೆ. ಅಣ್ಣನದಷ್ಟೇ ಅಲ್ಲ, ಎಲ್ಲ ದೋಣಿಗಳದ್ದೂ. ಅಣ್ಣನನ್ನು ಉಳಿಸಲು ಮಾಡಿದೆನೆಂದು ಆಮೇಲೆ ಊರು ಹೇಳಿತು. ಇರಬಹುದು. ಆದರೆ ಆಗ ನನ್ನ ಮನಸ್ಸಿನಲ್ಲಿ ಅಣ್ಣ ಇರಲಿಲ್ಲ. ಉತ್ತರ ಗೊತ್ತಿಲ್ಲದ ಪ್ರಶ್ನೆ ನನ್ನ ತಟ್ಟೆಗೆ ಬಾರದಿದ್ದರೆ ಸಾಕಾಗಿತ್ತು ನನಗೆ.

ಆ ಸಮಯಕ್ಕೆ ಸುನೇತ್ರಾ ಮೇಡಂ ಊರಿಗೆ ಬಂದಿದ್ದರು. ಮೀನಿನ ವಂಶ ಪರೀಕ್ಷೆ ಮಾಡುವವರು. ಬಡಗಿನ ಕಾಣೆ ಯಾಕೆ ಚೇತರಿಸಿಕೊಳ್ಳುತ್ತಿಲ್ಲ, ಎರಡು ಕೇರಿಯ ಕಾಣೆಗೆ ಒಂದೇ ಕಾನೂನು ಸಾಕೋ ಎರಡು ಬೇಕೋ ಎಂದು ನೋಡಿ ಬರೆಯಲು ಮೀನುಗಾರಿಕೆ ಇಲಾಖೆಯವರು ಅವರನ್ನು ಕಳಿಸಿದ್ದರು. ಐಸ್ ಪ್ಲಾಂಟಿನ ಮೇಲೆ ಬಡಗಿನಲ್ಲಿ ಅವರಿಗೆ ಒಂದು ಕೋಣೆ. ಮೊದಲ ದಿನ ತೆಂಕಿನ ಕಾಣೆ ಕೊಂಡು ಹೋಗಿ ಒಂದು ಗಂಟೆ ಕುದಿಸಿ, ಕೊನೆಗೆ ಮೊಟ್ಟೆ ಹುರಿದುಕೊಂಡು ಉಂಡರಂತೆ. ಮರುದಿನದಿಂದ ಬಂಗುಡೆ ಒಯ್ದರು. ಅದರ ಬಗ್ಗೆ ಯಾರಲ್ಲೂ ಒಂದು ಮಾತು ಕೇಳಲಿಲ್ಲ.

ದಿನಾ ಬೆಳಿಗ್ಗೆ ದಕ್ಕೆಗೆ ಬಂದು, ರಾಶಿಯಿಂದ ಕಣ್ಣು ಮುಚ್ಚಿ ಕೆಲವು ಮೀನು ಎತ್ತುತ್ತಿದ್ದರು. ರೆಕ್ಕೆಯ ತುದಿಯನ್ನು ಉಗುರಿನಷ್ಟು ಕತ್ತರಿಸಿ, ಸ್ಪಿರಿಟ್ ತುಂಬಿದ ಸಣ್ಣ ಸಣ್ಣ ನಳಿಕೆಗಳಲ್ಲಿ ಹಾಕಿ, ಮೇಲೆ ನಂಬರು ಬರೆಯುತ್ತಿದ್ದರು. ಆಮೇಲೆ ಕರಿಹಲಗೆಯ ಮೇಲೆ ನಾನು ಬರೆದದ್ದನ್ನೂ ನೋಡಿ ಬರೆದುಕೊಳ್ಳುತ್ತಿದ್ದರು. ನನಗೆ ಅವರನ್ನು ಕಂಡರೆ ಇಷ್ಟವಾಗುತ್ತಿತ್ತು, ಆದರೆ ಅವರು ಕರಿಹಲಗೆಯ ಮುಂದೆ ನಿಂತರೆ ನಾನು ಒಲೆಯ ಕಡೆ ತಿರುಗಿ ಬೂದಿ ಕೆದಕುತ್ತಿದ್ದೆ.

“ಹಳೆಯ ಕಾಲದ ಮೀನಿನದು ಏನಾದರೂ ಉಳಿದಿದೆಯಾ ಭಾಗಕ್ಕ?” ಎಂದು ಒಂದು ದಿನ ಕೇಳಿದರು. “ಮುಳ್ಳು, ಒಣಮೀನು, ಏನಾದರೂ.”

ಅತ್ತೆ ಪ್ರತಿ ವರ್ಷ ಮೊದಲ ದಿನ ಬೇಯಿಸಿದ ಕಾಣೆಗಳ ತಲೆಕಲ್ಲು ತೆಗೆದಿಡುತ್ತಿದ್ದರು. ಮೀನಿನ ಕಿವಿಯ ಹತ್ತಿರ ಅಕ್ಕಿಕಾಳಿನಷ್ಟು ಬಿಳಿ ಕಲ್ಲು ಇರುತ್ತದಲ್ಲ, ಅದು. ಹೆರಿಗೆಯಾದ ಮನೆಗಳಿಗೆ ಕೊಡುತ್ತಿದ್ದರು, ಮಗುವಿನ ತೊಟ್ಟಿಲಿಗೆ ಕಟ್ಟಲು. ಉಳಿದದ್ದು ಒಂದು ಗಾಜಿನ ಭರಣಿ ತುಂಬ ಅಟ್ಟದ ಮೇಲಿತ್ತು. ಅದನ್ನು ತಂದು ಮೇಡಂ ಕೈಗೆ ಕೊಟ್ಟಾಗ ಅವರು ಭರಣಿಯನ್ನು ಎದೆಗೆ ಒತ್ತಿಕೊಂಡರು. ಬಂಗಾರ ಕೊಟ್ಟಿದ್ದರೂ ಅಷ್ಟು ಸಂತೋಷಪಡುತ್ತಿದ್ದರೋ ಇಲ್ಲವೋ. ನಳಿಕೆಗಳನ್ನೂ ಭರಣಿಯನ್ನೂ ಐಸಿನ ಡಬ್ಬದಲ್ಲಿಟ್ಟುಕೊಂಡು ತಮ್ಮ ಪರೀಕ್ಷಾಲಯಕ್ಕೆ ಹೋದವರು ಎರಡೂವರೆ ತಿಂಗಳ ನಂತರ ತಿರುಗಿ ಬಂದರು.

ದಕ್ಕೆಯ ಮಾಡಿನ ಕೆಳಗೆ ಬೆಳಿಗ್ಗೆ ಹತ್ತು ಗಂಟೆಗೆ ಎರಡೂ ಕೇರಿ ಸೇರಿತು. ಬಡಗಿನವರು ತೋಡಿನ ಈಚೆ, ತೆಂಕಿನವರು ಆಚೆ. ಮೇಡಂ ಹಲಗೆಯ ನಡುವೆ ನಿಂತರು, ಬೇರೆ ಜಾಗವೇ ಇರಲಿಲ್ಲ. ಒಲೆ ಹೇಳುವುದು ಸುಳ್ಳಲ್ಲ, ಕಾಣೆಯಲ್ಲಿ ವಂಶ ಎರಡು ಎಂದರು. ಬಡಗಿನದು ಕಲ್ಲುಬಂಡೆಗಳ ಬುಡದಲ್ಲಿ ಮೊಟ್ಟೆಯಿಡುತ್ತದೆ, ತೆಂಕಿನದು ಅಳಿವೆಯ ಮರಳಿನಲ್ಲಿ. ಉಳಿದ ಕಾಲವೆಲ್ಲ ಕಡಲಿನಲ್ಲಿ ಜೊತೆಗೇ ತಿರುಗುತ್ತವೆ.

“ಮೀನಿಗೆ ತಾಯಿಯಿಂದ ಮಾತ್ರ ಬರುವ ಒಂದು ಗುರುತಿದೆ,” ಎಂದರು. “ಭಾಗಕ್ಕನ ಅತ್ತೆಯವರ ಭರಣಿಯಲ್ಲಿ ಬಡಗಿನ ಕಾಣೆಗೆ ಅಂಥ ಗುರುತು ಹದಿನೇಳು ಬಗೆ ಇತ್ತು. ಅಂದರೆ ಹದಿನೇಳು ತಾಯಿಬಳ್ಳಿ. ಈಗ ಉಳಿದಿರುವುದು ಮೂರು.”

ಭಾವ ನೆಲ ನೋಡುತ್ತ, “ಎರಡು ವರ್ಷ ನಾವು ಮುಟ್ಟಲಿಲ್ಲ,” ಎಂದರು. “ಆದರೂ ಮೂರಾ?”

“ಕಳೆದುಹೋದದ್ದು ಬಿಟ್ಟುಕೊಟ್ಟ ಮಾತ್ರಕ್ಕೆ ತಿರುಗಿ ಬರುವುದಿಲ್ಲ ಗುರಿಕಾರರೇ. ಉಳಿದವಕ್ಕೆ ಜೋಡಿ ಸಿಗುತ್ತಿಲ್ಲ. ಸಿಕ್ಕಿದ್ದೂ ಹತ್ತಿರದ ಸಂಬಂಧ. ಬೆನ್ನು ಸೊಟ್ಟಗಾಗುವುದು ಅದಕ್ಕೇ. ಅರ್ಧ ಬೇಯುವ ಮೀನುಗಳಿವೆಯಲ್ಲ, ಅವುಗಳಲ್ಲಿ ನಾನು ನೋಡಿದಷ್ಟಕ್ಕೂ ತಾಯಿ ಬಡಗು, ತಂದೆ ತೆಂಕು. ನಿಮ್ಮ ಕಡೆಯ ಹೆಣ್ಣುಮೀನುಗಳು ಜೋಡಿ ಹುಡುಕಿಕೊಂಡು ಅಳಿವೆಗೆ ಹೋಗುತ್ತಿವೆ.”

“ಹಾಗಾದರೆ ಅವು ನಮ್ಮ ಮನೆ ಸೊಸೆಯರು,” ಎಂದು ತೆಂಕಿನ ಕಡೆಯಿಂದ ಯಾರೋ ಅಂದರು. ಯಾರೂ ನಗಲಿಲ್ಲ.

ನನಗೆ ತಡೆಯಲಾಗಲಿಲ್ಲ. “ಮೇಡಂ, ಅದು ಒಳ್ಳೆಯದಾ ಕೆಟ್ಟದ್ದಾ?” ಎಂದು ಕೇಳಿದೆ.

ಅವರು ನನ್ನ ಕಡೆ ತಿರುಗಿದರು. “ಎರಡೂ ಆಗಬಹುದು. ಹೊಸ ರಕ್ತ ಬಂದರೆ ಮರಿಗಳು ಗಟ್ಟಿಯಾಗುತ್ತವೆ. ಅವು ಬೆಳೆದು ಕಲ್ಲುಬಂಡೆಗೆ ತಿರುಗಿ ಹೋದರೆ ಬಡಗಿನ ವಂಶ ಉಳಿಯುತ್ತದೆ. ಹೋಗದಿದ್ದರೆ ತೆಂಕಿನಲ್ಲಿ ಕರಗಿ ಬಡಗು ಎಂಬುದೇ ಇಲ್ಲವಾಗುತ್ತದೆ. ಯಾವುದು ಆಗುತ್ತದೆ ಎಂದು ನನಗೂ ಗೊತ್ತಿಲ್ಲ. ಆದರೆ ಮೊಟ್ಟೆಯಿಡುವ ಮೊದಲೇ ಬಲೆಗೆ ಬಿದ್ದರೆ ಎರಡೂ ಆಗುವುದಿಲ್ಲ. ಅದು ಮಾತ್ರ ಗೊತ್ತಿದೆ.”

ಓದಿದವರಿಗೂ ಗೊತ್ತಿಲ್ಲ ಎಂದು ಕೇಳಿ ನನಗೆ ಒಂದು ಕ್ಷಣ ಸಮಾಧಾನವಾಯಿತು. ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಮೇಡಂ ತಮ್ಮ ಕಾಗದ ತಿರುಗಿಸಿ, “ಒಂದು ವಿಷಯ ಮಾತ್ರ ನನಗೆ ಅರ್ಥವಾಗುತ್ತಿಲ್ಲ,” ಎಂದರು. “ನಾನು ಎತ್ತಿದ ಮೀನುಗಳಲ್ಲಿ ಹತ್ತಕ್ಕೆ ನಾಲ್ಕು ಅರ್ಧದವು. ಅವೇ ದಿನಗಳಲ್ಲಿ, ಅವೇ ದೋಣಿಗಳಿಗೆ, ಕರಿಹಲಗೆಯ ಮೇಲೆ ಸೊನ್ನೆ ಇದೆ. ನನ್ನ ಪರೀಕ್ಷೆಯಲ್ಲೇ ತಪ್ಪಿರಬಹುದು ಎಂದು ಮೂರು ಸಲ ಮಾಡಿ ನೋಡಿದೆ.”

ಅವರು ನನ್ನ ಮೇಲೆ ಗುಮಾನಿ ಪಟ್ಟು ಹೇಳಿದ್ದಲ್ಲ. ಅವರ ಮುಖ ನೋಡಿದರೆ ತಿಳಿಯುತ್ತಿತ್ತು, ನಿಜವಾಗಿಯೂ ಗೊಂದಲಕ್ಕೆ ಬಿದ್ದಿದ್ದರು. ಅವರ ಪರೀಕ್ಷೆ ತಪ್ಪು ಎಂದು ನಾನು ಬಾಯಿಬಿಟ್ಟಿದ್ದರೆ ಇಡೀ ಊರು ನಂಬುತ್ತಿತ್ತು. ಇಪ್ಪತ್ತೆರಡು ವರ್ಷದ ಒಲೆ ನನ್ನದು. ಅವರು ನಿನ್ನೆ ಮೊನ್ನೆ ಬಂದವರು. ಆದರೆ ಅವರು ತಮ್ಮ ಕೆಲಸವನ್ನೇ ಅನುಮಾನಿಸಿ ಮೂರು ಸಲ ಮಾಡಿದ್ದರು. ನಾನು ಒಂದು ಸಲವೂ ಮಾಡಿರಲಿಲ್ಲ.

“ತಪ್ಪು ನಿಮ್ಮದಲ್ಲ ಮೇಡಂ,” ಎಂದೆ. “ನಾನು ಆರಿಸಿ ಎತ್ತುತ್ತಿದ್ದೆ.”

ಮೊದಲಿಗೆ ಯಾರಿಗೂ ಅರ್ಥವಾಗಲಿಲ್ಲ. ಒಂದು ಕಾಣೆ ತರಿಸಿ, ರೆಕ್ಕೆಯ ಬುಡ ತೋರಿಸಿ, ಹೇಗೆ ಬಿಟ್ಟೆ, ಹೇಗೆ ಎತ್ತಿದೆ ಎಂದು ಹೇಳಿದೆ. ಯಾಕೆ ಎಂದು ಭಾವ ಕೇಳಿದರು. ಹೇಗೆ ಎಣಿಸಬೇಕೆಂದು ಗೊತ್ತಾಗಲಿಲ್ಲ ಎಂದೆ. ನನ್ನ ಕಿವಿಗೇ ಅದು ನೆಪದ ಹಾಗೆ ಕೇಳಿಸಿತು. ಬಡಗಿನ ಕಡೆಯಿಂದ ಒಬ್ಬಳು, “ಅಣ್ಣನ ದೋಣಿ ನೀರಿನಲ್ಲಿರಲಿ ಅಂತ ಹೇಳು,” ಎಂದು ಕೂಗಿದಳು. “ಹುಟ್ಟಿದ ಮನೆಯ ಬುದ್ಧಿ ಬಿಟ್ಟೀತಾ?” ಎಂದಳು ಇನ್ನೊಬ್ಬಳು. ನನ್ನ ಸೊನ್ನೆಯಿಂದ ಯಾವ ದೋಣಿಯೂ ನಿಲ್ಲದೆ, ನಾನು ಬೇಡವೆಂದು ಬಿಟ್ಟಂಥ ಮೀನುಗಳೇ ದಿನಾ ಲಾರಿ ಹತ್ತಿ ಹೋಗಿದ್ದವು. ಅವುಗಳ ಹೊಟ್ಟೆಯಲ್ಲಿ ಮೊಟ್ಟೆಯಿತ್ತು. ಮೂರು ಬಳ್ಳಿಯಲ್ಲಿ ಎಷ್ಟು ಚಿವುಟಿದೆನೋ.

ಅಣ್ಣ ಹಲಗೆ ದಾಟಿ ಬಂದ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿಲ್ಲ. “ನಾನು ಕೇಳಿದ್ದೆನಾ?” ಎಂದ. “ಒಂದು ದಿನವಾದರೂ ನಿನ್ನಲ್ಲಿ ಕೇಳಿದ್ದೆನಾ ಭಾಗಿ? ಎಂಟು ದಿನ ದಡಕ್ಕೆ ಅಂದಿದ್ದರೆ ಬೈದುಕೊಂಡು ಎಳೆಯುತ್ತಿದ್ದೆ. ಈಗ ಇಷ್ಟು ಜನರ ಮುಂದೆ ನನ್ನನ್ನು ಕಳ್ಳ ಮಾಡಿದೆ.” ಅಷ್ಟು ಹೇಳಿ ತಿರುಗಿ ಹೋದ. ಮನೆಗೆ ಹೋದಾಗ ನಮ್ಮನೆಯವರು ಬಲೆಯಿಂದ ಕಣ್ಣೆತ್ತದೆ, “ಊಟ ಮಾಡು,” ಎಂದರು. ಆ ಎರಡು ಮಾತಿಗೆ ನಾನು ಅತ್ತಷ್ಟು ಅಣ್ಣನ ಮಾತಿಗೆ ಅತ್ತಿರಲಿಲ್ಲ.

ಒಲೆಯ ಕೆಲಸದಿಂದ ನನ್ನನ್ನು ತೆಗೆದರು. ತೆಗೆಯದಿದ್ದರೆ ನಾನೇ ಬಿಡುತ್ತಿದ್ದೆ. ಬೇರೆ ಯಾವ ಹೆಂಗಸೂ ಒಪ್ಪಲಿಲ್ಲ. ಕೊನೆಗೆ ಎರಡೂ ಕೇರಿಯ ಗುರಿಕಾರರೇ ವಾರಕ್ಕೊಬ್ಬರಂತೆ ಒಲೆಯ ಮುಂದೆ ಕೂರಬೇಕು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮೀನು ಎತ್ತಬೇಕು ಎಂದಾಯಿತು. ನಿಯಮ ಮಾಡಲು ಹನ್ನೊಂದು ದಿನ ಜಗಳವಾಡಿದರು. ಎರಡು ವಂಶ ಕಡಲಲ್ಲಿ ಬೆರೆತು ತಿರುಗುವಾಗ ಬಲೆಗೆ ಬೇರೆ ಮಾಡಲು ಬರುವುದಿಲ್ಲ, ಆದ್ದರಿಂದ ಮೊಟ್ಟೆಯಿಡುವ ಎರಡು ತಿಂಗಳು ಅಳಿವೆಯಲ್ಲಾಗಲಿ ಕಲ್ಲುಬಂಡೆಯಲ್ಲಾಗಲಿ ಯಾರೂ ಕಾಣೆಬಲೆ ಇಳಿಸಬಾರದು ಎಂದು ಮೇಡಂ ಬರೆದುಕೊಟ್ಟರು. ತೆಂಕಿನವರು ಒಪ್ಪಲಿಲ್ಲ. ನಿಮ್ಮ ಮೀನು ಸತ್ತದ್ದಕ್ಕೆ ನಮಗೇಕೆ ಉಪವಾಸ ಎಂದರು. ಅವರ ಮಾತಿನಲ್ಲೂ ತಪ್ಪಿರಲಿಲ್ಲ. ಹನ್ನೊಂದನೇ ದಿನ ಅಣ್ಣ ಯಾರಿಗೂ ಹೇಳದೆ ತನ್ನ ದೋಣಿಯನ್ನು ದಡಕ್ಕೆ ಎಳೆದು ಮಗುಚಿ ಹಾಕಿದ. ದೊಡ್ಡ ದೋಣಿಯೇ ದಡಕ್ಕೆ ಬಂದಮೇಲೆ ಉಳಿದವರು ಒಬ್ಬೊಬ್ಬರಾಗಿ ಬೈಯುತ್ತ ಎಳೆದರು. ಅರ್ಧವನ್ನು ಇಡಿಯಾಗಿ ಎಣಿಸುವುದು, ಮೂರರ ಬದಲು ಐದು ಬಂದರೆ ಎಂಟು ದಿನ ದಡಕ್ಕೆ ಎಂದು ಉಳಿದದ್ದನ್ನು ಹೊಂದಿಸಿಕೊಂಡರು. ಐದು ಯಾಕೆ, ನಾಲ್ಕು ಯಾಕಲ್ಲ ಎಂದು ಮೇಡಂ ಹತ್ತಿರ ಕೇಳಿದೆ. ಎಲ್ಲಿಂದಾದರೂ ಶುರುಮಾಡಬೇಕಲ್ಲ ಭಾಗಕ್ಕ ಎಂದರು. ಹೋಗುವ ದಿನ ಖಾಲಿ ಭರಣಿಯನ್ನು ತೊಳೆದು ಒರೆಸಿ ನನ್ನ ಕೈಗೆ ಕೊಟ್ಟು ಹೋದರು.

ಆ ಎರಡು ತಿಂಗಳು ಅಣ್ಣ ನನ್ನ ಜೊತೆ ಮಾತಾಡಲಿಲ್ಲ. ಗುಲಾಬಿ ಅತ್ತಿಗೆ ಮಾತ್ರ ದಿನ ಬಿಟ್ಟು ದಿನ ಬರುತ್ತಿದ್ದಳು. ಬೇಯಿಸಲು ಕಾಣೆ ಇರಲಿಲ್ಲ, ಬಾಣಲೆಯೂ ಇರಲಿಲ್ಲ, ಸುಮ್ಮನೆ ಬಂದು ಕೂರುತ್ತಿದ್ದಳು. ಅಣ್ಣ ಏನಾದರೂ ಹೇಳಿದನಾ ಎಂದು ಕೇಳುತ್ತಿದ್ದೆ. “ಮಾತಿಲ್ಲ. ದೋಣಿಗೆ ಎಣ್ಣೆ ಹಚ್ಚುತ್ತಾರೆ. ಹಚ್ಚಿದ್ದನ್ನೇ ಹಚ್ಚುತ್ತಾರೆ,” ಎನ್ನುತ್ತಿದ್ದಳು. ನಾನು ಯಾವ ಕೇರಿಯವಳು ಎಂದು ಆ ದಿನಗಳಲ್ಲಿ ನನಗೇ ಸರಿಯಾಗಿ ತಿಳಿಯುತ್ತಿರಲಿಲ್ಲ. ತೋಡಿನ ಈಚೆ ನಡೆದರೆ ಮಾತು ನಿಲ್ಲುತ್ತಿತ್ತು, ಆಚೆ ನಡೆದರೂ ನಿಲ್ಲುತ್ತಿತ್ತು.

ಎರಡು ತಿಂಗಳ ರಜೆ ಮುಗಿದ ಬೆಳಿಗ್ಗೆ ಎಲ್ಲರಂತೆ ನಾನೂ ಮೀನು ಕೊಳ್ಳಲು ಬುಟ್ಟಿ ಹಿಡಿದು ದಕ್ಕೆಗೆ ಹೋದೆ. ಮೊದಲು ಬಂದದ್ದು ಅಣ್ಣನ ದೋಣಿ. ಆ ವಾರ ಒಲೆ ಭಾವನ ಪಾಲಿಗೆ ಬಂದಿತ್ತು. ಕಣ್ಣಿಗೆ ಬೈರಾಸು ಕಟ್ಟಿಕೊಂಡು, ರಾಶಿಗೆ ಕೈ ಹಾಕಿ, ಹತ್ತು ಮೀನು ಎತ್ತಿದರು. ಬೆಂಕಿ ಹೊತ್ತಿಸಲು ಬಾರದೆ ಕೆಮ್ಮಿದರು. ಯಾರೂ ಸಹಾಯಕ್ಕೆ ಹೋಗಲಿಲ್ಲ, ನಾನು ಹೋಗುವ ಹಾಗಿರಲಿಲ್ಲ. ಕುದಿ ಬಂತು. ಇಳಿಸಿ ತಟ್ಟೆಗೆ ಸುರಿದು, ಬೆರಳು ಸುಟ್ಟುಕೊಳ್ಳುತ್ತ ಒಂದೊಂದನ್ನೇ ಮುರಿದು ನೋಡಿದರು. ಐದು ಬೆಂದಿದ್ದವು. ಐದು ಅರ್ಧ.

ಭಾವ ಎರಡನೇ ಸಲ ಎಣಿಸಿದರು. ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಅರ್ಧದ ಮೀನು ಅಷ್ಟು ಬಂದದ್ದು ಒಳ್ಳೆಯ ಸುದ್ದಿಯೋ ಕೆಟ್ಟ ಸುದ್ದಿಯೋ ಅವರಿಗೆ ತಿಳಿಯುತ್ತಿರಲಿಲ್ಲ. ನನಗೂ ತಿಳಿಯಲಿಲ್ಲ. ಅವು ಹೆಚ್ಚುತ್ತಿವೆ ಎಂದರೆ ಬಡಗಿನ ಬಳ್ಳಿ ಚಿಗುರುತ್ತಿದೆಯೋ, ಇಲ್ಲಾ ಕಲ್ಲುಬಂಡೆಯಲ್ಲಿ ಇನ್ನು ಯಾರೂ ಉಳಿದಿಲ್ಲವೋ? ಅವರು ಕರಿಹಲಗೆಯ ಹತ್ತಿರ ಹೋಗಿ ಐದು ಎಂದು ಬರೆದು, “ದುರ್ಗಯ್ಯ, ಎಂಟು ದಿನ,” ಎಂದರು. ಎರಡು ತಿಂಗಳು ದಡದಲ್ಲಿದ್ದು ಒಂದು ದಿನ ಕಡಲಿಗೆ ಹೋದವನಿಗೆ ಮತ್ತೆ ಎಂಟು ದಿನ. ಅಣ್ಣ ಏನಾದರೂ ಅನ್ನುತ್ತಾನೆ ಎಂದು ಎಲ್ಲರೂ ಕಾದರು.

ಅವನು ದೋಣಿಯಿಂದ ಬಲೆ ಇಳಿಸಿದ. ಕೆಳಗೆ ದಿಮ್ಮಿ ಕೊಟ್ಟ. ದೋಣಿಯ ಮೂತಿಗೆ ಕಟ್ಟಿದ ಹಗ್ಗ ಬಿಡಿಸಿ, ಅವನ ಆಳುಗಳಿಬ್ಬರು ಒಂದು ಕಡೆ ನಿಂತಮೇಲೆ, ಇನ್ನೊಂದು ಕಡೆಗೆ ಯಾರೆಂದು ಸುತ್ತ ನೋಡಿದ. ತೆಂಕಿನ ಉಳಿದವರೆಲ್ಲ ಇನ್ನೂ ನೀರಿನಲ್ಲಿದ್ದರು. ಬಡಗಿನವರು ಕೈಕಟ್ಟಿ ನಿಂತಿದ್ದರು. ಅವನ ಕಣ್ಣು ತಿರುಗಿ ತಿರುಗಿ ನನ್ನ ಮೇಲೆ ನಿಂತಿತು.

“ಭಾಗಿ,” ಎಂದ. “ಹಗ್ಗ ಹಿಡಿ.”

ಅದು ಕ್ಷಮಿಸಿದ್ದೋ, ಎಳೆಯಲು ಜನ ಸಾಲದೆ ಕರೆದದ್ದೋ, ಇವತ್ತಿಗೂ ನನಗೆ ಗೊತ್ತಿಲ್ಲ. ಬುಟ್ಟಿ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಗ್ಗ ಹಿಡಿದೆ.